ನೀರಿನ ಮುಂದೆ ನಿಂತ ಕತ್ತೆ

ನಾನು ಒಂದು ಹೆಣ್ಣು ಕತ್ತೆ. ಮಡಿವಾಳರ ಗಿರಿಯಪ್ಪ ಬಟ್ಟೆ ಒಗೆಯುತ್ತಿದ್ದ ಹಳ್ಳದ ದಡದಲ್ಲಿ, ಹೊಂಗೆಮರದ ಕೆಳಗೆ ಹುಟ್ಟಿದೆ. ಕಣ್ಣು ಬಿಟ್ಟಾಗ ಕಂಡದ್ದು ಒಣಹಾಕಿದ್ದ ಊರವರ ಪಂಚೆ, ಸೀರೆ.

ಗಂಟು ಹೊರುವುದು ನನಗೆ ಕಷ್ಟವೆನಿಸಲಿಲ್ಲ. ನೀರಿಗಿಳಿಯುವುದೇ ಆಗದು. ಹಳ್ಳದ ಅಂಚಿಗೆ ಬಂದರೆ ನಾಲ್ಕು ಕಾಲೂ ಊರಿ ನಿಂತುಬಿಡುತ್ತಿದ್ದೆ. ಗಿರಿಯಪ್ಪ ಮುಂದಿನಿಂದ ಜಗ್ಗುವನು, ಹೆಂಡತಿ ಹಿಂದಿನಿಂದ ನೂಕುವಳು. ಅವರ ಮಗಳು ಸಿದ್ದಗಂಗಿಗೆ ಆಗ ಹತ್ತು ವರ್ಷ. ಒಂದು ದಿನ ಅವಳು, "ಬಿಡಪ್ಪೋ, ನೀರು ಎಷ್ಟು ಆಳ ಐತೆ ಅಂತ ಅದು ನೋಡ್ಕತಾ ಐತೆ" ಎಂದು ಹಗ್ಗ ಸಡಿಲ ಬಿಟ್ಟಳು. ನನ್ನ ಪಕ್ಕಕ್ಕೆ ಬಂದು, ನನಗೆ ಬೆನ್ನು ಹಾಕಿ, ಹೊಂಗೆ ಎಲೆ ಹರಿಯುತ್ತಾ ನಿಂತಳು. ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ನಾನು ಒಂದು ಕಾಲಿಟ್ಟೆ. ಆಮೇಲೆ ಇನ್ನೊಂದು.

ಸಿದ್ದಗಂಗಿ ಓದಿ, ಹಳ್ಳದಾಚೆಯ ಶಾಲೆಗೇ ಟೀಚರಾಗಿ ಬಂದಳು. ಗಿರಿಯಪ್ಪ ಮೊಪೆಡ್ ಕೊಂಡ. ಮುದಿಯಾದ ನಾನು ಮಗಳ ಪಾಲಿಗೆ ಬಂದೆ. ದಿನವೂ ಅವಳ ಹಿಂದೆ ನಡೆದು, ಶಾಲೆಯ ಹುಣಸೆಮರದ ಕೆಳಗೆ ಕಿಟಕಿಗೆ ಮುಖಮಾಡಿ ನಿಲ್ಲುತ್ತಿದ್ದೆ.

ಮೂರನೇ ತರಗತಿಯ ರಂಗಮಣಿ ಸ್ಲೇಟಿನ ಮೇಲೆ ಚೆನ್ನಾಗಿ ಬರೆಯುವಳು, ಕರಿಹಲಗೆಯ ಹತ್ತಿರ ಮಾತ್ರ ಸುಳಿಯಳು. ಹೆಡ್‌ಮಾಸ್ಟರ್ ಶೇಷಗಿರಿಯವರು ಒಮ್ಮೆ, "ಶನಿವಾರದೊಳಗೆ ಬೋರ್ಡ್ ಮೇಲೆ ಹೆಸರು ಬರೀದಿದ್ರೆ ಒಂದನೇ ಕ್ಲಾಸಲ್ಲಿ ಕೂರಿಸ್ತೀನಿ, ಕತ್ತೆ" ಎಂದರು. ನಾನು ಕಿವಿ ನಿಮಿರಿಸಿದೆ. ಒಂದನೇ ತರಗತಿಯಲ್ಲಿ ಅವಳ ತಂಗಿ ಇದ್ದಳು. ತಂಗಿಯ ಪಕ್ಕ ಕೂರುವುದಕ್ಕಿಂತ ಶಾಲೆ ಬಿಡುವುದೇ ವಾಸಿಯೆಂದು ಹುಡುಗಿ ನನ್ನ ಕಿವಿಯಲ್ಲಿ ಹೇಳಿ ಅತ್ತಳು.

ಶನಿವಾರ ಅವಳು ಹಲಗೆಯಿಂದ ಮೂರು ಹೆಜ್ಜೆ ದೂರದಲ್ಲಿ ನಿಂತುಬಿಟ್ಟಳು. ಆ ನಿಲುವು ನನಗೆ ಚೆನ್ನಾಗಿ ಗೊತ್ತು.

"ಕೈ ಹಿಡಿದು ಎಳ್ಕೊಂಡು ಹೋಗಿ ಮೇಡಂ" ಎಂದರು ಹೆಡ್‌ಮಾಸ್ಟರ್.

"ಎಳೆದ್ರೆ ಬರಲ್ಲ ಸಾರ್. ನೋಡ್ಕತಾ ಅವ್ಳೆ."

"ಇದು ಶಾಲೆ. ನಿಮ್ಮ ತಂದೆ ಬಟ್ಟೆ ಒಗೆಯೋ ಹಳ್ಳ ಅಲ್ಲ."

ಮಕ್ಕಳು ಕಿಸಕ್ಕೆಂದರು. ಟೀಚರ ಮುಖ ಒಂದು ಗಳಿಗೆ ಕೆಂಪಾಯಿತು. ಆಮೇಲೆ ನಕ್ಕಳು.

"ಕಲಿಸೋದನ್ನ ನಾನು ಕಲ್ತಿದ್ದು ಅಲ್ಲೇ ಸಾರ್. ನೀವೂ ಒಸಿ ಈ ಕಡೆ ತಿರುಗಿ."

ಅವಳು ಕಿಟಕಿಗೆ ಬಂದು ನನ್ನ ಹಣೆ ಕೆರೆಯತೊಡಗಿದಳು. ಮಕ್ಕಳೆಲ್ಲ ಇತ್ತ ತಿರುಗಿದರು. ಹೆಡ್‌ಮಾಸ್ಟರೂ ವಿಧಿಯಿಲ್ಲದೆ ನನ್ನನ್ನೇ ನೋಡುತ್ತಾ, "ಏನ್ ತಿನ್ನುತ್ತೆ ಇದು?" ಎಂದು ಕೇಳಿದರು. ಅಷ್ಟರಲ್ಲಿ ಅವರ ಬೆನ್ನ ಹಿಂದೆ ಸೀಮೆಸುಣ್ಣ ಕಿರ್ರೆಂದಿತು. ರಂಗಮಣಿ ತನ್ನ ಹೆಸರು ಬರೆದದ್ದನ್ನು ಕಂಡವಳು ನಾನೊಬ್ಬಳೇ. ನನಗೋ ಓದಲು ಬಾರದು.

ಈಗ ಸಂಜೆ ನನ್ನನ್ನು ಹಳ್ಳ ದಾಟಿಸುವುದು ರಂಗಮಣಿಯ ಕೆಲಸ. ನೀರಿನಂಚಿನಲ್ಲಿ ಹಗ್ಗ ಸಡಿಲ ಬಿಟ್ಟು, ಬೆನ್ನು ತಿರುಗಿಸಿ ನಿಲ್ಲುತ್ತಾಳೆ. ನೀರಿನ ಭಯ ನನಗೆ ಹೋಗಿ ಎಷ್ಟೋ ಕಾಲವಾಯಿತು. ಆದರೂ ಒಂದು ಗಳಿಗೆ ನಿಲ್ಲುತ್ತೇನೆ, ಕಾಯುವುದನ್ನು ಈ ಹುಡುಗಿಯೂ ಚೆನ್ನಾಗಿ ಕಲಿಯಲಿ ಎಂದು.