ಪಾತ್ರೆಗಳು ದುರಸ್ತಿಯಲ್ಲಿವೆ

ಗಂಜಲದ ವಾಸನೆ ನನ್ನ ಬಾಲ್ಯದ ವಾಸನೆ. ಹೊಲದ ಆಳುಗಳು ಕೂಲಿ ರಾಗಿ ಈಸಿಕೊಂಡು ಜಗಲಿಯ ಅಂಚಿನಿಂದ ಎದ್ದು ಹೋದ ಮೇಲೆ ನಮ್ಮಜ್ಜಿ ಹಿತ್ತಾಳೆ ಚೊಂಬಿನಿಂದ ಆ ಜಾಗಕ್ಕೆ ಗಂಜಲ ಚಿಮುಕಿಸುತ್ತಿದ್ದಳು. ಬಿಸಿಲಿಗೆ ಕಾದ ಕಲ್ಲಿನಿಂದ ಘಾಟು ಎದ್ದು ಮೂಗಿಗೆ ಹೊಡೆಯುತ್ತಿತ್ತು. "ಈಗ ಶುದ್ಧ ಆಯ್ತು ಕಣಮ್ಮಿ" ಅನ್ನುತ್ತಿದ್ದಳು. ಶುದ್ಧ ಅಂದರೆ ಹಾಗೇ ನಾರುವುದು ಎಂದು ನಾನು ಬಹಳ ದಿನ ನಂಬಿದ್ದೆ.

ಈಗ ನಮ್ಮೂರಲ್ಲಿ ಯಾರೂ ಗಂಜಲ ಚಿಮುಕಿಸುವುದಿಲ್ಲ. ಸುಧಾರಿಸಿದ್ದೇವೆ. ಸಮಿತಿ ಮಾಡಿಕೊಂಡಿದ್ದೇವೆ.

ಬೇಗೂರಿನಿಂದ ನಾಲ್ಕು ಕಿಲೋಮೀಟರ್ ಒಳಗೆ ನಮ್ಮೂರು. ನಡುವೆ ಸರ್ಕಾರದ ದುಡ್ಡಿನಲ್ಲಿ ಕಟ್ಟಿದ ಸಮುದಾಯ ಭವನ. ಅದರ ಸಮಿತಿಗೆ ಸಿದ್ದಮಲ್ಲಪ್ಪ ಅಧ್ಯಕ್ಷ. ಚಂದ್ರಕುಮಾರ್ ಕಾರ್ಯದರ್ಶಿ. ಎರಡು ವರ್ಷ ಎಲ್‌ಎಲ್‌ಬಿ ಓದಿ ಬಿಟ್ಟವನಾದ್ದರಿಂದ ಅವನಿಗೆ ಅರ್ಧ ಕಾನೂನು ಗೊತ್ತು. ಯಾವ ಅರ್ಧ ಎಂಬುದು ಎದುರು ನಿಂತವರನ್ನು ನೋಡಿ ತೀರ್ಮಾನವಾಗುತ್ತದೆ. ನಾನು ಮಹಿಳಾ ಸದಸ್ಯೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ಎಂದು ಸಮಿತಿಯ ಕಾಗದಗಳನ್ನೆಲ್ಲ ನನ್ನ ಕೈಲೇ ಬರೆಸುತ್ತಿದ್ದರು. ಅದನ್ನು ನಾನು ಗೌರವ ಎಂದುಕೊಂಡಿದ್ದೆ.

ಕೆಳಗಿನ ಬೀದಿಯ ರಾಚಯ್ಯ ತನ್ನ ಮಗಳು ಶಿವಲಕ್ಷ್ಮಿಯ ಮದುವೆಗೆ ಭವನ ಕೇಳಿದ. ಅವನ ಬೀದಿಯಿಂದ ಅದುವರೆಗೆ ಯಾರೂ ಕೇಳಿರಲಿಲ್ಲ. ಡೇಟು ಖಾಲಿ ಇಲ್ಲ ಅಂದರು. ಬಸ್ ಕಂಡಕ್ಟರ್ ಆಗಿರುವ ಅವನ ಮಗ ನಿಂಗರಾಜು ರಜೆ ಹಾಕಿ ಚಾಮರಾಜನಗರದ ಜಿಲ್ಲಾ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದ. ಮಾರನೆಯ ದಿನ ಅಲ್ಲಿಂದ ಫೋನು ಬಂತು. ಡೇಟು ಖಾಲಿಯಾಯಿತು.

ರಾಚಯ್ಯ ನಮ್ಮ ಮನೆಯ ಹತ್ತಿರ ಬಂದಿದ್ದ. "ಭವನಕ್ಕೆ ಆಸೆಪಟ್ಟು ಅಲ್ಲ ಟೀಚರಮ್ಮ" ಅಂದ. "ಅರವತ್ತು ವರ್ಸ ಊರ್ನೋರ ಮದ್ವೇಲಿ ಕೊಟ್ಗೆ ಪಕ್ಕ ಕೂತು, ಎಲ್ರುದೂ ಆದ್ಮೇಲೆ ಉಂಡಿವ್ನಿ. ಒಂದ್ಸಲ ನಾನು ಅಲ್ಲೇ ಬೇಯ್ಸಿ, ಊರ್ನೋರ್ನೆಲ್ಲ ಒಂದೇ ಸಾಲಲ್ಲಿ ಕೂರ್ಸಿ ಇಕ್ಬೇಕು. ಅಷ್ಟೇಯ."

ಅಷ್ಟೇ. ಅದಕ್ಕೆ ಸಮಿತಿ ಸಭೆ ಸೇರಿತು.

"ಭವನ ಕೊಡನ" ಅಂದರು ಸಿದ್ದಮಲ್ಲಪ್ಪ. "ಅಡ್ಗೆಮನೆ ಆಗಕಿಲ್ಲ. ಬಾಡು ಬೇಯಿಸ್ಬುಡ್ತಾರೆ."

ಬಾಗಿಲಲ್ಲಿ ನಿಂತಿದ್ದ ನಿಂಗರಾಜು ಹೇಳಿದ: "ಬಾಡಿಲ್ಲ ಯಜಮಾನ್ರೆ. ಅನ್ನ, ಸಾರು, ಪಾಯ್ಸ. ಈರುಳ್ಳಿನೂ ಬ್ಯಾಡ ಅಂದ್ರೆ ಹಾಕಲ್ಲ."

ಬಾಡೇ ಕಾರಣವಾಗಿದ್ದರೆ ಸಭೆ ಅಲ್ಲಿಗೆ ಮುಗಿಯಬೇಕಿತ್ತು.

ಚಂದ್ರಕುಮಾರ್ ಕನ್ನಡಕ ಸರಿ ಮಾಡಿಕೊಂಡ. "ನೋಡು ನಿಂಗರಾಜು, ಹಕ್ಕು ಬೇರೆ, ಸಲಿಗೆ ಬೇರೆ. ಕಟ್ಟಡ ಸರ್ಕಾರದ್ದು, ಅದು ನಿನ್ನ ಹಕ್ಕು. ತಕ. ಕೊಪ್ಪರಿಗೆ, ತಪ್ಪಲೆ ನಮ್ಮ ಹಿರೀಕರು ಕೊಟ್ಟಿದ್ದು, ಮೇಲೆ ಹೆಸರು ಕೆತ್ತಿಸವ್ರೆ. ಅದನ್ನ ಕೊಡೋದು ಬುಡೋದು ನಮ್ಮ ಸಲಿಗೆ. ಸಲಿಗೆನ ಯಾವ ಕೋರ್ಟು ಕೊಡ್ಸದು?"

"ಆ ಕೊಪ್ಪರಿಗೇಲಿ ಬೇಯೋ ಅಕ್ಕಿ ಯಾರು ಬೆಳೀತಿದ್ದದ್ದು ಸಾ?"

"ಅದಕ್ಕೆ ಕೂಲಿ ಕೊಟ್ಟಿಲ್ವೇನ್ಲಾ" ಅಂದರು ಸಿದ್ದಮಲ್ಲಪ್ಪ. ಎಲ್ಲರೂ ನಕ್ಕರು. ನ್ಯಾಯ ತಮ್ಮ ಕಡೆಗಿದೆ ಎಂದು ಖಾತ್ರಿಯಾದಾಗ ನಮ್ಮ ಗಂಡಸರು ಹಾಗೆ ನಗುತ್ತಾರೆ.

ನಾನು ನಗಲಿಲ್ಲ. ಅದನ್ನು ನನ್ನ ಲೆಕ್ಕಕ್ಕೆ ಹಿಡಿಯಬೇಡಿ, ಮಾತೂ ಆಡಲಿಲ್ಲ. ಬಾಗಿಲಿಗೆ ಅಂಟಿಸಲು ಒಂದು ನೋಟಿಸು ಬರೆದುಕೊಡಿ ಅಂದರು. 'ಅಡುಗೆಮನೆ ಕೊಡಲಾಗುವುದಿಲ್ಲ' ಎಂದು ಬರೆದರೆ ರಾಚಯ್ಯನಿಗೆ ನೋವಾದೀತು ಎಂದು ನನ್ನ ಕನಿಕರಕ್ಕೆ ತೋಚಿತು. 'ಪಾತ್ರೆಗಳು ದುರಸ್ತಿಯಲ್ಲಿವೆ' ಎಂದು ದುಂಡಗೆ ಬರೆದೆ. ಚಂದ್ರಕುಮಾರ್ ಓದಿ, "ಟೀಚರ್ ಟೀಚರೇ ಬುಡಿ" ಅಂದ.

ಭವನ ಕಾಯುವ ಪುಟ್ಟಮಾದು ಅದನ್ನು ಅಂಟಿಸಿ ಅಡುಗೆಮನೆಗೆ ಬೀಗ ಹಾಕಿದ. ನೀರೂ ಸಿಗದಿರಲಿ ಎಂದು ಹೊರಗಿನ ಕೊಳಾಯಿ ಪೆಟ್ಟಿಗೆಗೂ ಹಾಕು ಅಂದಿದ್ದರು. "ಇನ್ನೊಂದು ಬೀಗ ಸಿಕ್ಕನಿಲ್ಲ" ಅಂದ. ಅವನ ಅಂಗಿಯ ಜೇಬು ಬೀಗದ ಭಾರಕ್ಕೆ ಜೋತಿತ್ತು. ಆ ಇಡೀ ವಾರದಲ್ಲಿ ನಮ್ಮ ದೊಡ್ಡ ಬೀದಿಯವರೊಬ್ಬರು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಮದುವೆಯ ದಿನ ಗುಂಡ್ಲುಪೇಟೆಯಿಂದ ಬಾಡಿಗೆ ಪಾತ್ರೆ ಬಂದವು. ಕೆಳಗಿನ ಬೀದಿಯಲ್ಲೇ ಅಡುಗೆ ಮಾಡಿ, ಗೂಡ್ಸ್ ಆಟೋದಲ್ಲಿ ಏರಿಸಿಕೊಂಡು ಭವನಕ್ಕೆ ತಂದರು. ಧಾರೆ ಮುಗಿಯುವ ಹೊತ್ತಿಗೆ ಸಮಿತಿಯೂ ದೊಡ್ಡ ಬೀದಿಯ ಯಜಮಾನರೂ ಬಂದರು. ಕಾನೂನಿಗೆ ಗೌರವ ಕೊಡಬೇಕಲ್ಲ. ರಾಚಯ್ಯನ ಹೆಂಡತಿ ಚಿಕ್ಕನಿಂಗಮ್ಮ ಎರಡು ಕ್ರೇಟು ತಂಪು ಪಾನೀಯ, ನಾಲ್ಕು ಗೊನೆ ಬಾಳೆಹಣ್ಣು ತರಿಸಿಟ್ಟಿದ್ದಳು. ಮುಚ್ಚಳ ಇರುವ ಬಾಟಲಿಗೆ, ಸಿಪ್ಪೆ ಇರುವ ಹಣ್ಣಿಗೆ ಮೈಲಿಗೆ ಹತ್ತುವುದಿಲ್ಲ. ಇದು ಯಾವ ಶಾಸ್ತ್ರದಲ್ಲಿದೆಯೋ, ಇಡೀ ತಾಲ್ಲೂಕಿಗೆ ಬಾಯಿಪಾಠ. ನನ್ನ ಬಾಟಲಿಯ ಧೂಳನ್ನು ಅವಳು ಸೆರಗಿನಿಂದ ಒರೆಸಲು ಹೋಗಿ, ತಡೆದು, ಹಾಗೇ ಕೊಟ್ಟಳು.

ಯಜಮಾನರು ಕುಡಿದರು, ಸುಲಿದರು, ವಧೂವರರ ಜೊತೆ ಫೋಟೊ ತೆಗೆಸಿಕೊಂಡರು. "ಉಂಡ್ಕಂಡೋಗಿ ಯಜಮಾನ್ರೆ" ಅಂದ ರಾಚಯ್ಯ.

"ಶುಗರ್ ಕಣಯ್ಯ" ಅಂದರು ಸಿದ್ದಮಲ್ಲಪ್ಪ, ಸಿಹಿ ಬಾಟಲಿಯ ತಳದ ಗುಟುಕನ್ನು ಎಳೆಯುತ್ತ. ಕಾರು, ಬೈಕು ಹೊರಟವು.

ಮುಂದಿನ ಸಾಲಿನಲ್ಲಿ ನಲವತ್ತು ಎಲೆ ಹಾಕಿದ್ದರು. ಉಪ್ಪು, ಉಪ್ಪಿನಕಾಯಿ ಬಡಿಸಿಯೂ ಆಗಿತ್ತು. ರಾಚಯ್ಯನ ಬೀದಿಯವರೆಲ್ಲ ಹಿಂದಿನ ಗೋಡೆಗೆ ಒತ್ತಿ ನಿಂತು ಅದನ್ನೇ ನೋಡುತ್ತಿದ್ದರು. ನಾನು ಬಾಟಲಿ ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಹೋಗಿ ಒಂದು ಎಲೆಯ ಮುಂದೆ ಕೂತೆ.

ಚಿಕ್ಕನಿಂಗಮ್ಮ ಹತ್ತಿರ ಬಂದಳು. "ಬೋರ್ಡು ನೀವೇ ಬರ್ದದ್ದಂತೆ."

"ಹೌದು."

"ನೀವು ಹಂಗೆ ಬರೆಯೋರಲ್ಲ ಅಂತ ನಾನು ಜಗ್ಳ ಆಡ್ದೆ ಇವನ್ತಾವು." ಮಗನ ಕಡೆ ಕೈ ತೋರಿಸಿದಳು.

"ಬುಡವ್ವ" ಅಂದ ನಿಂಗರಾಜು. "ಕೂತವ್ರೆ, ಒಂದು ಫೋಟೊ ತಗ್ಸಿ ಕಳ್ಸು. ಅವರ್ಗೂ ಒಂದು ಬ್ಯಾಡ್ವಾ."

ಅಡುಗೆ ಅವರದು, ಎಲೆ ಅವರದು. ಆ ಊಟಕ್ಕೆ ನನಗೆ ಹಕ್ಕಿರಲಿಲ್ಲ. ಸಲಿಗೆಯನ್ನು ನಾನೇ ದುಂಡಗಿನ ಅಕ್ಷರದಲ್ಲಿ ಕಳೆದುಕೊಂಡಿದ್ದೆ.

ರಾಚಯ್ಯ ಬಾಗಿಲ ಕಡೆ ನೋಡುವುದನ್ನು ಬಿಟ್ಟು ಈ ಕಡೆ ತಿರುಗಿದ. "ಬನ್ರಪ್ಪೋ, ಎಲೆ ಒಣಗ್ತಾವೆ. ಅಲ್ಲಲ್ಲ, ಮುಂದ್ಕೆ ಬನ್ನಿ. ಊರ್ನೋರು ಅಂದ್ರೆ ಇನ್ಯಾರು, ನೀವೇಯ."

ಮೊದಲು ಯಾರೂ ಅಲುಗಲಿಲ್ಲ. ಆಮೇಲೆ ಮುದುಕಿ ಪುಟ್ಟಸಿದ್ದಮ್ಮ ಕೋಲೂರಿಕೊಂಡು ಬಂದಳು. ಅವಳ ಹಿಂದೆ ಉಳಿದವರೂ ಬಂದರು. ನಲವತ್ತು ಎಲೆ ಸಾಲದೆ ಹೋಯಿತು. ನಾನು ಎದ್ದು ನನ್ನ ಜಾಗವನ್ನು ಒಬ್ಬ ಬಸುರಿಗೆ ಬಿಟ್ಟು ಗೋಡೆಗೆ ಒರಗಿ ನಿಂತೆ. ಯಾರೂ ಕುರ್ಚಿ ತರಲಿಲ್ಲ. ಹೋಗಿ ಎಂದೂ ಅನ್ನಲಿಲ್ಲ.

ಮೂರು ಪಂಕ್ತಿ ಆಯಿತು. ರಾಚಯ್ಯ ತಾನೇ ಬಕೆಟ್ಟು ಹಿಡಿದು ಪಾಯಸ ಬಡಿಸಿದ. ಬೇಡ ಅಂದವರ ಎಲೆಗೂ ಬಡಿಸಿದ. "ತಿನ್ಲಾ, ಗ್ವಾಡೆ ಕಡೆ ಏನ್ ನೋಡೀಯೆ" ಅಂದು ನೆಂಟನೊಬ್ಬನನ್ನು ಗದರಿ ನಗಿಸಿದ. ಎಲ್ಲರದೂ ಮುಗಿದ ಮೇಲೆ ಮನೆಯವರು ಮೂಲೆಯಲ್ಲಿ ತಟ್ಟೆ ಹಿಡಿದು ಕೂತರು.

ಚಿಕ್ಕನಿಂಗಮ್ಮ ಅನ್ನ ಹಾಕಿಕೊಂಡು, ಸಾರು ಸುರಿದುಕೊಂಡು, ಇನ್ನೇನು ಕಲಸಬೇಕು ಎನ್ನುವಾಗ ತಲೆಯೆತ್ತಿ ನನ್ನನ್ನು ನೋಡಿದಳು. ಎದ್ದಳು. ಆ ತಟ್ಟೆಯನ್ನು ತಂದು ನನ್ನ ಕೈಗೆ ಕೊಟ್ಟಳು.