ನೋಡಿದ ಗುರುತು

"ಮುಂದಿನದು," ಎಂದರು ನರ್ಸ್, ಪೆನ್ನನ್ನು ಕಾಗದದಿಂದ ಎತ್ತದೆ.

ಸೀಲಮ್ಮ ಬೆರಳನ್ನು ಒಂದು ಸಾಲು ಕೆಳಗಿಳಿಸಿದಳು. ಮೂರನೇ ತರಗತಿ, ಹದಿನೇಳನೇ ನಂಬರು. ಅವಳ ಸ್ವಂತ ತಂಗಿಯ ಮಗಳು. ಹೆಸರಿನೆದುರು ಅವಳದೇ ದುಂಡಗಿನ ಅಕ್ಷರದಲ್ಲಿ 'ಹಾಕಿಸಿದೆ' ಎಂದು ಬರೆದಿತ್ತು.

"ಹಾಕ್ಸಿದೆ," ಎಂದಳು.

"ಮುಂದಿನದು."

ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಧ್ವನಿ ಎಲ್ಲೂ ತಡವರಿಸಲಿಲ್ಲ. ಹದಿನಾರು ವರ್ಷದಿಂದ ಅವಳು ಈ ಶಾಲೆಯ ಗುಮಾಸ್ತೆ. ಅವಳ ಮೇಜಿನ ಸೀಲು ಬೀಳದೆ ಯಾವ ಕಾಗದವೂ ಗೇಟು ದಾಟುತ್ತಿರಲಿಲ್ಲವಾದ್ದರಿಂದ ಮಕ್ಕಳು ಸೀಲಮ್ಮ ಎಂದು ಕರೆಯತೊಡಗಿ, ಈಗ ಮೇಷ್ಟ್ರುಗಳ ಬಾಯಲ್ಲೂ ಅದೇ ನಿಂತಿತ್ತು. ಓದಿ ಹೇಳುವುದು ಅವಳ ನಾಲಿಗೆಗೆ ರೂಢಿಯ ಕೆಲಸ. ಕಿವಿ ಮಾತ್ರ ಬಿಸಿಯಾಗಿತ್ತು.

ಮೂರನೇ ತರಗತಿಯ ಒಬ್ಬ ಹುಡುಗ ಹತ್ತು ದಿನ ನೆಂಟರ ಮನೆಯಲ್ಲಿದ್ದು ಸೋಮವಾರ ಶಾಲೆಗೆ ಮರಳಿದ್ದ. ಮೂಗು ಸೋರುತ್ತಿತ್ತು, ಕಣ್ಣು ಕೆಂಪಗಿತ್ತು. ನೆಗಡಿ ಎಂದುಕೊಂಡು ದಿನವಿಡೀ ತರಗತಿಯಲ್ಲೇ ಕೂರಿಸಿಕೊಂಡಿದ್ದರು. ಮಂಗಳವಾರ ಸಂಜೆ ಕಿವಿಯ ಹಿಂದೆ ಶುರುವಾದ ಕೆಂಪು ದದ್ದು ಕತ್ತಲಾಗುವಷ್ಟರಲ್ಲಿ ಎದೆಗಿಳಿದಿತ್ತು. ದಡಾರ ಎಂದಿದ್ದರು ಡಾಕ್ಟರು. ಬುಧವಾರ ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಆರೋಗ್ಯ ಕೇಂದ್ರದ ನರ್ಸ್ ಹೆಡ್‌ಮಿಸ್ ಕೋಣೆಯಲ್ಲಿ ಕೂತಿದ್ದರು.

"ಗಾಳೀಲಿ ಹರಡೋ ಕಾಯಿಲೆ," ಎಂದರು ನರ್ಸ್, ಓದು ಮುಗಿದ ಮೇಲೆ. "ಆ ಹುಡುಗ ಎದ್ದುಹೋದ ಮೇಲೂ ಎರಡು ಗಂಟೆ ಕೋಣೇಲಿರುತ್ತೆ. ಇಂಜೆಕ್ಷನ್ ಆಗ್ದೇ ಇರೋರಿಗೆ ನಾಳೆ ಬೆಳಿಗ್ಗೆ ಹಾಕ್ಬಿಟ್ರೆ ಬಹುಪಾಲು ತಪ್ಪಿಸ್ಬಹುದು. ಮೂರು ದಿನದೊಳಗೆ ಆಗ್ಬೇಕು. ಬೇಡ ಅಂದವ್ರು ಇಪ್ಪತ್ತೊಂದು ದಿನ ಮನೇಲಿ."

ನರ್ಸ್ ಬರೆದುಕೊಂಡ ಪಟ್ಟಿಯಲ್ಲಿ ಇಂಜೆಕ್ಷನ್ ಆಗದ ಒಂಬತ್ತು ಹೆಸರಿದ್ದವು. ಹೆಡ್‌ಮಿಸ್ ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು. "ಕೆಳಗಡೆ ಶಿಶುವಿಹಾರ ಇದೆಯಲ್ಲ, ಅದಕ್ಕೇನ್ ಮಾಡೋಣ? ಆರು ಕೂಸುಗಳಿಗೆ ಇನ್ನೂ ಒಂಬತ್ತು ತಿಂಗಳೂ ತುಂಬಿಲ್ಲ."

"ಅಷ್ಟು ಚಿಕ್ಕವಕ್ಕೆ ಹಾಕೋ ಹಾಗಿಲ್ಲ. ದೊಡ್ಡ ಮಕ್ಕಳು ಅಲ್ಲಿಗೆ ಹೋಗ್ತಾರಾ?"

"ಊಟದ ಬಿಡುವಲ್ಲಿ ಮೂರ್ನಾಲ್ಕು ಜನ ಹೋಗ್ತಾರೆ, ತೊಟ್ಟಿಲು ತೂಗೋಕೆ."

"ಆ ಮೂರ್ನಾಲ್ಕು ಜನಕ್ಕೂ ಆಗಿದ್ರೆ ತೆರೆದಿಡಿ. ಪುಸ್ತಕ ಏನು ಹೇಳುತ್ತೆ?"

ಇಬ್ಬರೂ ಸೀಲಮ್ಮನತ್ತ ನೋಡಿದರು. ಅವಳು ಹಾಳೆ ತಿರುವಿದಂತೆ ಮಾಡಿ, "ಆಗಿದೆ," ಎಂದಳು.

"ನಮ್ಮ ಸೀಲಮ್ಮನ ಪುಸ್ತಕ ಅಂದ್ರೆ ಕಲ್ಲಲ್ಲಿ ಕೆತ್ತಿದ ಹಾಗೆ," ಎಂದು ಹೆಡ್‌ಮಿಸ್ ನರ್ಸಿಗೆ ಹೇಳಿದರು.

ತನ್ನ ಮೇಜಿಗೆ ಮರಳಿ ಅವಳು ಪುಸ್ತಕವನ್ನು ಮತ್ತೆ ತೆರೆದಳು. ಲಸಿಕೆ ಕಾರ್ಡನ್ನು ಕಣ್ಣಾರೆ ನೋಡಿದ ಮೇಲೆ ಅಂಚಿನಲ್ಲಿ ಕೆಂಪು ಶಾಯಿಯಿಂದ ಸಣ್ಣ ಗುರುತು ಹಾಕುವುದು ಅವಳೇ ಮಾಡಿಕೊಂಡ ಪದ್ಧತಿ. ಬೇರೆಯವರಿಗೆ ಅದರ ಅರ್ಥ ಗೊತ್ತಿರಲಿಲ್ಲ. ಹದಿನೇಳರ ಎದುರು ಅಂಚು ಖಾಲಿಯಿತ್ತು. ಮೂರು ವರ್ಷದ ಹಿಂದೆ, ಸೇರಿಸುವ ದಿನ, "ಕಾರ್ಡು ಟ್ರಂಕಲ್ಲೆಲ್ಲೋ ಇದೆ ಅಕ್ಕ, ಹುಡುಕಿ ತಂದ್ಕೊಡ್ತೀನಿ, ನೀನು ಬರ್ಕೊಂಡ್ಬಿಡು," ಎಂದಿದ್ದಳು ತಂಗಿ. ತಂದುಕೊಡಲಿಲ್ಲ. ಇವಳೂ ಕೇಳಲಿಲ್ಲ.

ಕೇಳದ್ದಕ್ಕೆ ಕಾರಣ ಮರೆವಲ್ಲ. ತಂಗಿಯ ದೊಡ್ಡ ಮಗನಿಗೆ ಒಂದು ವರ್ಷವಿದ್ದಾಗ, ಇಂಜೆಕ್ಷನ್ ಹಾಕಿಸಿದ ಮುಂದಿನ ವಾರ, ಜ್ವರ ಏರಿ ಫಿಟ್ಸ್ ಬಂದಿತ್ತು. ಕಣ್ಣು ಮೇಲಾದ ಮಗುವನ್ನು ಎತ್ತಿಕೊಂಡು ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದವಳು ಸೀಲಮ್ಮನೇ. ಹುಡುಗ ಚೇತರಿಸಿಕೊಂಡ. ಈಗ ಅಮ್ಮನಿಗಿಂತ ಗೇಣುದ್ದ ಹೆಚ್ಚು ಬೆಳೆದಿದ್ದಾನೆ. ತಂಗಿ ಮಾತ್ರ ಚೇತರಿಸಿಕೊಳ್ಳಲಿಲ್ಲ. ಎರಡನೆಯದು ಹುಟ್ಟಿದಾಗ ಆಸ್ಪತ್ರೆಯ ಸೂಜಿ ಕಂಡರೆ ಎದ್ದು ಹೊರಗೆ ಹೋಗುತ್ತಿದ್ದಳು.

ಊಟದ ಬಿಡುವಿನಲ್ಲಿ ಸೀಲಮ್ಮ ಶಿಶುವಿಹಾರಕ್ಕೆ ಇಳಿದುಹೋದಳು. ತಂಗಿಯ ಮಗಳು ಅಲ್ಲೇ ಇದ್ದಳು. ನೆಟ್ಟಗೆ ನಡೆಯುವುದೇ ಗೊತ್ತಿಲ್ಲದೆ ಸದಾ ಹಾರುತ್ತಲೇ ಇರುವ ಆ ಹುಡುಗಿಗೆ ಮನೆಯಲ್ಲಿ ಮಿಡತೆ ಎಂದೇ ಹೆಸರು. ಈಗ ಮಾತ್ರ ಗಂಭೀರವಾಗಿ ನಿಂತು ತೊಟ್ಟಿಲು ತೂಗುತ್ತ, "ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು," ಎಂದು ರಾಗವಾಗಿ ಹಾಡುತ್ತಿದ್ದಳು.

"ಏಳರ ಮಗ್ಗಿಗೇ ನಿದ್ದೆ ಮಾಡೋದು ಇದು," ಎಂದಳು ಆಯಾ. "ಒಂಬತ್ತರದು ಶುರುಮಾಡಿದ್ರೆ ನಮ್ಮ ಹಾಗೇ ಅಳುತ್ತೆ."

ತೊಟ್ಟಿಲಲ್ಲಿದ್ದದ್ದು ಐದು ತಿಂಗಳ ಕೂಸು. ಮಿಡತೆ ಬಗ್ಗಿ ಅದರ ಮುಖಕ್ಕೆ ಮುಖ ತಂದಳು. ಸೀಲಮ್ಮ ಅವಳ ತೋಳು ಹಿಡಿದು ಹೊರಗೆ ಕರೆತಂದಳು. ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಬಂದರೂ ಇನ್ನೊಂದು ವಾರದ ಮೇಲೆ ಎಂದು ನರ್ಸ್ ಹೇಳಿದ್ದು ನೆನಪಿದ್ದರೂ ಮತ್ತೊಮ್ಮೆ ಮುಟ್ಟಿದಳು.

"ಇನ್ಮೇಲೆ ಇಲ್ಲಿಗೆ ಬರ್ಬೇಡ."

"ಯಾಕೆ ದೊಡ್ಡಮ್ಮ? ನಾನೇನ್ ಮಾಡ್ದೆ?"

"ನೀನೇನೂ ಮಾಡ್ಲಿಲ್ಲ," ಎಂದಳು ಸೀಲಮ್ಮ.

ಆಫೀಸಿನ ಬಾಗಿಲು ಮುಂದಕ್ಕೆ ಮಾಡಿ ತಂಗಿಗೆ ಫೋನು ಹಚ್ಚಿದಳು. ಆ ಕಡೆಯಿಂದ ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತಿತ್ತು. ತಂಗಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು.

"ಮಿಡತೆಗೆ ದಡಾರದ ಇಂಜೆಕ್ಷನ್ ಹಾಕ್ಸಿದ್ಯಾ ಇಲ್ವಾ? ಕಾರ್ಡಿನ ಮಾತು ಬೇಡ. ಹಾಕ್ಸಿದ್ಯಾ ಇಲ್ವಾ?"

ಮಿಷನ್ನು ನಿಂತಿತು. "ಇಲ್ಲ ಅಕ್ಕ."

ಸೀಲಮ್ಮ ವಿಷಯ ಹೇಳಿದಳು. ತಂಗಿ ತಗ್ಗಿದ ಧ್ವನಿಯಲ್ಲಿ, "ನಾಳೆಯಿಂದ ಮನೇಲೇ ಇಟ್ಕೋತೀನಿ. ಹೊಟ್ಟೆನೋವು ಅಂತ ರಜಾ ಬರ್ಕೊಡ್ತೀನಿ. ಒಂದು ತಿಂಗಳು ಬೇಕಾದ್ರೂ ಇಟ್ಕೋತೀನಿ. ನೀನು ಬಾಯಿ ಬಿಡ್ಬೇಡ. ನಿನ್ನ ಕೆಲಸಕ್ಕೂ ಕಲ್ಲು ಬೀಳುತ್ತೆ," ಎಂದಳು.

ಅದು ಸುಳ್ಳಾಗಿರಲಿಲ್ಲ. ಹೊಟ್ಟೆನೋವಿನ ಚೀಟಿಗೆ ಸೀಲು ಹಾಕುವವಳೂ ಸೀಲಮ್ಮನೇ. ಕೋಲೂ ಮುರಿಯದೆ ಹಾವೂ ಸಾಯದೆ ಮುಗಿದುಹೋಗುವ ಕೆಲಸ. ಫೋನು ಇಟ್ಟಮೇಲೆ ಅವಳು ಆ ದಾರಿಯನ್ನು ಅಳೆದೂ ಸುರಿದೂ ನೋಡಿದಳು. ಎಲ್ಲೂ ಬಿರುಕು ಕಾಣಲಿಲ್ಲ.

ಹದಿನೇಳನೇ ನಂಬರನ್ನು ನೋಡುತ್ತ ಕೂತವಳಿಗೆ ಮೇಲಿನ ಸಾಲುಗಳೂ ಕಂಡವು. ಆರರ ಎದುರೂ ಅಂಚು ಖಾಲಿ. ಆರು ಯಾರು? ಮನೆ ಬದಲಾಯಿಸುವಾಗ ಕಾರ್ಡು ಕಳೆದುಹೋಯಿತು ಎಂದಿದ್ದ ತಂದೆ; ಅವನ ಗಡಿಬಿಡಿ ನೋಡಿ ಬರೆದುಕೊಂಡಿದ್ದಳು. ಅವಳು ಮೊದಲ ಹಾಳೆಯಿಂದ ಶುರುಮಾಡಿದಳು. ಒಂದನೇ ತರಗತಿಯಲ್ಲಿ ಎರಡು. ಎರಡರಲ್ಲೂ ಎರಡು. ನಾಲ್ಕರಲ್ಲಿ ಮೂರು. ಐದರಲ್ಲಿ ಎರಡು. ಪ್ರತಿಯೊಂದಕ್ಕೂ ಒಂದು ಮುಖ, ಒಂದು ಬಾಯಿಮಾತು, 'ಪಾಪ' ಎಂದು ತಾನು ಅಂದುಕೊಂಡ ಒಂದು ಗಳಿಗೆ. ಒಟ್ಟು ಹನ್ನೊಂದು. ಒಂದಕ್ಕೆ ಹೊಟ್ಟೆನೋವಿನ ಚೀಟಿ ಬರೆಸಬಹುದು. ಉಳಿದ ಹತ್ತಕ್ಕೆ?

ಪುಸ್ತಕವನ್ನು ಎದೆಗೊತ್ತಿಕೊಂಡು ಅವಳು ಹೆಡ್‌ಮಿಸ್ ಕೋಣೆಗೆ ಹೋದಾಗ ಗಂಟೆ ಎರಡಾಗಿತ್ತು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಮೇಡಂ, ಹನ್ನೊಂದು ಮಕ್ಕಳದು ನಾನು ಕಾರ್ಡು ನೋಡ್ದೇ ಬರ್ದಿದ್ದೀನಿ. ಅದ್ರಲ್ಲೊಬ್ಳು ನನ್ನ ತಂಗಿ ಮಗಳು. ಅವಳಿಗೆ ಆಗಿಲ್ಲ ಅನ್ನೋದು ಗ್ಯಾರಂಟಿ. ಶಿಶುವಿಹಾರಕ್ಕೆ ಹೋಗೋರಲ್ಲಿ ಅವಳೂ ಇದ್ದಾಳೆ. ಬೆಳಿಗ್ಗೆ ನಾನು ಸುಳ್ಳು ಹೇಳ್ದೆ."

ಹೆಡ್‌ಮಿಸ್ ಪುಸ್ತಕವನ್ನು ಅವಳ ಕೈಯಿಂದ ತೆಗೆದು ಮೇಜಿನ ಮೇಲಿಟ್ಟರು. ಬಯ್ಯುತ್ತಾರೆ ಎಂದು ಕಾದಿದ್ದಳು. ಬೈದಿದ್ದರೆ ಹಗುರವಾಗುತ್ತಿತ್ತೇನೋ.

"ನಿಮ್ಮ ವಿಚಾರ ಆಮೇಲೆ," ಎಂದರು ಅವರು. "ಮೊದ್ಲು ಫೋನ್ ತಗೊಳ್ಳಿ. ಆರು ನೀವು ಮಾಡಿ, ಐದು ನಾನು. 'ಹಾಕ್ಸಿದೀವಿ' ಅಂದ್ರೆ ಸಾಲದು. ಕಾರ್ಡಿನ ಫೋಟೋ ಕಳಿಸ್ಬೇಕು, ಇಲ್ಲಾ ಹಾಕಿಸಿದ ಆಸ್ಪತ್ರೆಯವ್ರು ಹೌದು ಅನ್ಬೇಕು." ಆಮೇಲೆ ಕಿಟಕಿಯಿಂದ ಆಯಾಳನ್ನು ಕೂಗಿ ಕರೆದು, ಇವತ್ತಿನಿಂದ ಮೇಲಿನ ತರಗತಿಯ ಒಂದು ಮಗುವೂ ಶಿಶುವಿಹಾರದ ಹೊಸ್ತಿಲು ತುಳಿಯಕೂಡದು ಎಂದು ಹೇಳಿದರು.

ಸಂಜೆ ಐದರ ಹೊತ್ತಿಗೆ ಏಳು ಫೋಟೋಗಳು ಬಂದವು. ಒಂದು ಮಗುವಿನ ದಾಖಲೆ ಆಸ್ಪತ್ರೆಯಲ್ಲಿ ಸಿಕ್ಕಿತು. ಆರನೇ ನಂಬರಿನ ತಂದೆ ಫೋನಿನಲ್ಲೇ ಅತ್ತ. ಕಾರ್ಡು ಕಳೆದದ್ದಲ್ಲ, ಕೂಲಿಗೆಂದು ಊರೂರು ತಿರುಗುವಾಗ ಹಾಕಿಸಿರಲೇ ಇಲ್ಲ. ನಾಲ್ಕನೇ ತರಗತಿಯ ಒಬ್ಬ ಹುಡುಗಿಯ ಮನೆಯವರು, ನಮಗೆ ಅದರಲ್ಲಿ ನಂಬಿಕೆಯಿಲ್ಲ, ಮನೆಯಲ್ಲೇ ಇಟ್ಟುಕೊಳ್ಳುತ್ತೇವೆ ಎಂದರು. ಹನ್ನೊಂದರಲ್ಲಿ ಇಂಜೆಕ್ಷನ್ ಆಗದವರು ಮೂವರು, ಮಿಡತೆಯೂ ಸೇರಿ.

ಶಾಲೆಯಿಂದ ಸೀಲಮ್ಮ ನೇರವಾಗಿ ತಂಗಿಯ ಮನೆಗೆ ಹೋದಳು. ತಂಗಿ ಅಷ್ಟರಲ್ಲೇ ಹೆಡ್‌ಮಿಸ್ ಜೊತೆ ಮಾತಾಡಿಯಾಗಿತ್ತು. ಎದ್ದು ಬಾ ಎನ್ನಲಿಲ್ಲ. ಅರ್ಧ ಹೊಲಿದ ಲಂಗದ ಅಂಚನ್ನು ಮಡಚುತ್ತಲೇ ಇದ್ದಳು.

"ಒಡಹುಟ್ಟಿದವಳಿಗಿಂತ ರಿಜಿಸ್ಟರ್ ಹೆಚ್ಚಾಯ್ತಾ ನಿಂಗೆ?"

"ಹೆಚ್ಚು ಕಮ್ಮಿ ಲೆಕ್ಕ ಹಾಕೋಕೆ ಬಂದಿಲ್ಲ. ನಾಳೆ ಹನ್ನೊಂದರ ತನಕ ನರ್ಸ್ ಶಾಲೇಲಿರ್ತಾರೆ."

"ಆವತ್ತು ನೀನೇ ಇದ್ಯಲ್ಲ. ಅವನ ಬಾಯಲ್ಲಿ ನೊರೆ ಬಂದಿದ್ದು ನೋಡಿದ್ಯಲ್ಲ. ನೋಡಿಯೂ ಹಾಕ್ಸು ಅಂತೀಯಾ?"

"ನೋಡಿದ್ದೀನಿ. ನನ್ನ ತೋಳಲ್ಲೇ ಇದ್ದ. ಅದಕ್ಕೇ ಮೂರು ವರ್ಷ ನಿನ್ನ ಕೇಳ್ಲಿಲ್ಲ. ಅದೇ ನಾನು ಮಾಡಿದ ತಪ್ಪು."

ತಂಗಿ ದಾರವನ್ನು ಹಲ್ಲಿನಿಂದ ಕಡಿದಳು. "ಹೋಗು ಅಕ್ಕ. ಇವತ್ತು ನಿನ್ನ ಜೊತೆ ಮಾತಾಡೋ ಶಕ್ತಿ ನಂಗಿಲ್ಲ."

ಗುರುವಾರ ಬೆಳಿಗ್ಗೆ ಚಿತ್ರಕಲೆಯ ಕೋಣೆಯಲ್ಲಿ ಬೆಂಚು ಸರಿಸಿ ಇಂಜೆಕ್ಷನ್ನಿಗೆ ಜಾಗ ಮಾಡಿದ್ದರು. ಆರನೇ ನಂಬರಿನ ತಂದೆ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದ. ಹತ್ತೂವರೆಯಾದರೂ ತಂಗಿ ಬರಲಿಲ್ಲ. ಹತ್ತೂ ಮುಕ್ಕಾಲಿಗೆ ಗೇಟಿನ ಬಳಿ ಮಿಡತೆ ಹಾರುತ್ತ ಬರುವುದು ಕಂಡಿತು, ಹಿಂದೆ ತಂಗಿ. ಸೀಲಮ್ಮನ ಮೇಜಿನ ಮುಂದೆಯೇ ಹಾದುಹೋದರೂ ಅತ್ತ ನೋಡಲಿಲ್ಲ. ನೇರವಾಗಿ ನರ್ಸಿನ ಎದುರು ಕೂತು, ದೊಡ್ಡ ಮಗನಿಗಾದದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಹೇಳುವಾಗ ಮಗಳ ಜಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ನರ್ಸ್ ಸಿರಿಂಜು ಕೆಳಗಿಟ್ಟು ಪೂರ್ತಿ ಕೇಳಿದರು. "ಜ್ವರ ಏರಿದಾಗ ಕೆಲವು ಕೂಸುಗಳಿಗೆ ಹಾಗಾಗುತ್ತೆ. ನೋಡಿದವ್ರಿಗೆ ಜೀವ ಹೋದ ಹಾಗಿರುತ್ತೆ, ಸುಳ್ಳಲ್ಲ. ಆದ್ರೆ ಐದು ವರ್ಷ ದಾಟಿದ ಮೇಲೆ ತೀರಾ ಅಪರೂಪ. ಇವಳಿಗೆ ಎಂಟು. ಜ್ವರ ಬಂದ್ರೂ ಒಂದು ವಾರ ಆದ್ಮೇಲೆ ಬರುತ್ತೆ. ನನ್ನ ನಂಬರ್ ಬರ್ಕೊಳ್ಳಿ, ಯಾವ ಹೊತ್ತಿಗಾದ್ರೂ ಮಾಡಿ."

"ಬರೋದೇ ಇಲ್ಲ ಅಂತ ಹೇಳಿ."

"ಹಾಗೆ ಹೇಳೋಕಾಗಲ್ಲಮ್ಮ."

ತಂಗಿ ಹಿಡಿದಿದ್ದ ಜಡೆಯನ್ನು ಬಿಟ್ಟಳು. ಆಮೇಲೆ ಮಗಳ ತೋಳಿನ ಬಟ್ಟೆಯನ್ನು ತಾನೇ ಮೇಲಕ್ಕೆ ಸರಿಸಿದಳು.

ಮುಂದಿನ ಮೂರು ವಾರದಲ್ಲಿ ಇನ್ನಿಬ್ಬರಿಗೆ ದಡಾರ ಬಂತು. ಒಬ್ಬ ಆ ಮೊದಲ ಹುಡುಗನ ತಮ್ಮ. ಇನ್ನೊಬ್ಬಳು ನಾಲ್ಕನೇ ತರಗತಿಯ ಆ ಹುಡುಗಿ. ಅವಳು ಗುರುವಾರದಿಂದಲೂ ಮನೆಯಲ್ಲೇ ಇದ್ದಳಾದ್ದರಿಂದ ಅದು ಅವಳಲ್ಲೇ ನಿಂತಿತು. ಹದಿನಾಲ್ಕು ದಿನ ನರಳಿ, ಸೊರಗಿ ಅರ್ಧವಾಗಿ ಶಾಲೆಗೆ ಬಂದಳು. ತೊಟ್ಟಿಲುಗಳಿಗೆ ಏನೂ ಆಗಲಿಲ್ಲ. ಸೀಲಮ್ಮನಿಗೆ ಆಡಳಿತ ಮಂಡಳಿಯಿಂದ ಎಚ್ಚರಿಕೆಯ ಪತ್ರ ಬಂತು. ನಿಯಮದಂತೆ ಅದರ ಪ್ರತಿಗೂ ಅವಳೇ ಸೀಲು ಹಾಕಿ ಫೈಲಿನಲ್ಲಿ ಇಟ್ಟಳು. ಲಸಿಕೆಯ ಪುಸ್ತಕ ವಿಜ್ಞಾನದ ಮೇಷ್ಟ್ರ ಕೈಗೆ ಹೋಯಿತು.

ತಂಗಿ ಮಾತು ಬಿಟ್ಟಿದ್ದಳು. ಆ ಮೂರು ವಾರದ ನಡುವೆಯೇ, ಇಂಜೆಕ್ಷನ್ನಾದ ಎಂಟನೆಯ ದಿನ ಮಧ್ಯಾಹ್ನ, ಮಿಡತೆಯ ಕ್ಲಾಸ್ ಟೀಚರು ಬಂದು, ಹುಡುಗಿಗೆ ಮೈ ಬಿಸಿಯಾಗಿತ್ತು, ಅವರಮ್ಮ ಬಂದು ಕರ್ಕೊಂಡು ಹೋದ್ರು ಎಂದರು. ಸೀಲಮ್ಮ ಅರ್ಧ ದಿನದ ರಜೆ ಬರೆದಿಟ್ಟು ಹೊರಟಳು.

ಬಾಗಿಲು ತೆರೆದ ತಂಗಿ ಬಾ ಎನ್ನಲೂ ಇಲ್ಲ, ಅಡ್ಡ ನಿಲ್ಲಲೂ ಇಲ್ಲ. ಕೋಣೆಯಲ್ಲಿ ಮಿಡತೆ ಮಗ್ಗುಲಾಗಿ ಮಲಗಿ ನಿದ್ದೆ ಹೋಗಿದ್ದಳು. ಕೆನ್ನೆ ಕೆಂಪಗಿತ್ತು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ನೀರಿನ ಬಟ್ಟಲು, ಅದರಂಚಿಗೆ ಒದ್ದೆ ಬಟ್ಟೆ. ಸೀಲಮ್ಮ ಬಟ್ಟೆ ಹಿಂಡಿ ಹಣೆಗೆ ಹಾಕಿ, ಕಂಕುಳಲ್ಲಿ ಇಟ್ಟಿದ್ದ ಥರ್ಮಾಮೀಟರನ್ನು ಮೆಲ್ಲಗೆ ಎಳೆದುಕೊಂಡಳು.

"ನೂರರ ಮೇಲೆ ಎರಡು ಗೀಟು," ಎಂದಳು. "ಜಾಸ್ತಿ ಏನಿಲ್ಲ."

ತಂಗಿ ಕೈ ಚಾಚಿದಳು. ಸೀಲಮ್ಮ ಕೊಟ್ಟಳು. ಅವಳು ಅದನ್ನು ಕಿಟಕಿಯ ಬಳಿಗೆ ಒಯ್ದು, ಬೆಳಕಿಗೆ ಹಿಡಿದು, ಪಾದರಸದ ಗೆರೆ ಕಾಣುವವರೆಗೆ ಬೆರಳುಗಳ ನಡುವೆ ಅತ್ತಿತ್ತ ಹೊರಳಿಸುತ್ತ ನಿಂತಳು. ಸೀಲಮ್ಮ ಬಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು, ಅವಳು ಓದಿ ಮುಗಿಸುವುದನ್ನು ಕಾಯುತ್ತ ಕೂತಳು.