ದೊಡ್ಡಪಾಲಯ್ಯನ ಹೆಸರಿಗೆ ಉಳಿದ ಜಾಗ

ಚಳ್ಳಕೆರೆಯ ತಂಗಿಯ ಮನೆಗೆ ಬಂದ ದೊಡ್ಡಪಾಲಯ್ಯ ಕೊಟ್ಟ ನೀರು ಮುಟ್ಟಲಿಲ್ಲ. ಕುರ್ಚಿಯ ತುದಿಗೆ ಕೂತು, ತನಗೆ ಯಾರದೋ ಕೈಯಲ್ಲಿ ಕಳಿಸಿದ್ದ ಮದುವೆ ಕಾರ್ಡನ್ನು ನೆಲಕ್ಕೆ ಎಸೆದ. ಸುಖಾಗಮನ ಬಯಸುವವರ ಸಾಲಿನಲ್ಲಿ ಪುರಸಭೆ ಮೆಂಬರ್ ಇದ್ದ, ಎಣ್ಣೆ ಮಿಲ್ಲಿನ ಸಾಹುಕಾರ ಇದ್ದ. ಹುಡುಗಿಯ ಸೋದರಮಾವನೇ ಇರಲಿಲ್ಲ.

"ನನ್ನ ಹೆಸರಿರೋ ಕಾರ್ಡು ಕೈಗೆ ಬಂದ್ರೆ ಬರ್ತೀನಿ. ಇಲ್ಲಾಂದ್ರೆ ಪವಿತ್ರನ್ನ ಹಸೆಮಣೆಗೆ ಕರ್ಕೊಂಡ್ ಬರಾಕೆ ಆ ಮೆಂಬರನ್ನೇ ಕರೀರಿ" ಎಂದ.

ನಿಂಗಕ್ಕನಿಗೆ ಮೈಯೆಲ್ಲ ಉರಿಯಿತು. ಅಣ್ಣನ ಮೇಲೂ, ಗಂಡ ಗಂಗರಾಜುವಿನ ಮೇಲೂ. ಗಂಗರಾಜು ಬೇಕೆಂದೇ ಹೆಸರು ಬಿಡಿಸಿದ್ದ. ಹೋದ ವರ್ಷ ಗೃಹಪ್ರವೇಶದ ಪಂಕ್ತಿಯಲ್ಲಿ ಭಾವ ಎಲ್ಲರೆದುರು ಸಾರು ನೀರಾಗಿದೆ ಎಂದದ್ದು ಅವನ ಹೊಟ್ಟೆಯಲ್ಲಿ ಇನ್ನೂ ಅರಗಿರಲಿಲ್ಲ. ಆದರೆ ಸೋದರಮಾವನಿಲ್ಲದೆ ಮಗಳು ಹಸೆಗೆ ಬಂದರೆ ನಾಳೆ ಬೀಗರ ಮುಂದೆ ತಲೆ ತಗ್ಗಿಸಬೇಕಾದವಳು ತಾನು.

ಫೋನು ಮಾಡಿದರೆ ಪ್ರೆಸ್ಸಿನವನು ಒಂದು ಕಾರ್ಡಿಗೆಲ್ಲ ಮಿಷನ್ನು ಓಡಿಸುವುದಿಲ್ಲ ಎಂದ. ಮನೆಯಲ್ಲಿ ಹಂಚಿ ಉಳಿದದ್ದು ಎರಡೇ ಕಾರ್ಡು. ಪವಿತ್ರ ಖಾಸಗಿ ಶಾಲೆಯಲ್ಲಿ ಟೀಚರು. ಪ್ರಶ್ನೆಪತ್ರಿಕೆ ತೆಗೆಯಲು ಅವಳಲ್ಲಿ ಒಂದು ಲೇಸರ್ ಪ್ರಿಂಟರ್ ಇತ್ತು. ಕಾರ್ಡಿನ ತಳದಲ್ಲಿ ಒಂದು ಬೆರಳಗಲ ಖಾಲಿ ಇದೆ, ಅಲ್ಲಿ ಮಾವನ ಹೆಸರು ಕೂರಿಸುತ್ತೇನೆ ಎಂದಳು.

ಆದರೆ ಆ ಪ್ರಿಂಟರ್ ದೊಡ್ಡ ಹಾಳೆಗೆ ಪಳಗಿದ್ದು. ಹಾಳೆಯನ್ನು ನೆಟ್ಟಗೆ ಹಿಡಿಯುವ ಪಕ್ಕದ ಪಟ್ಟಿಗಳು ಗೇಣುದ್ದದ ಕಾರ್ಡಿಗೆ ಒತ್ತಿ ನಿಲ್ಲಲಿಲ್ಲ. ಕಾರ್ಡು ಒಳಗೇ ಓರೆಯಾಗಿ, ಹೆಸರು ಮುಹೂರ್ತದ ಸಾಲಿನ ಮೇಲೆ ಅಡ್ಡ ಬಿದ್ದು ಹೊರಬಂತು.

ಬಾಗಿಲಲ್ಲಿ ನಿಂತಿದ್ದ ಗಂಗರಾಜು ಮೂಗಿನಲ್ಲೇ ನಕ್ಕ. "ಭಾವಂಗೆ ಮುಹೂರ್ತಾನೂ ಬೇಕಂತೆ."

ದೊಡ್ಡಪಾಲಯ್ಯ ಟವೆಲ್ಲು ಹೆಗಲಿಗೆ ಹಾಕಿ ಎದ್ದ. ನಿಂಗಕ್ಕ ಬಾಗಿಲಿಗೆ ಅಡ್ಡ ನಿಂತು ಇನ್ನೊಂದು ಕಾರ್ಡು ಐತೆ, ಕೂತ್ಕೊ ಎಂದು ಗದರಿದಳು. ಅವನು ಕೂತ.

ಉಳಿದೊಂದನ್ನು ಪೂರ್ತಿ ಹಾಳೆಗೆ ಅಂಟಿಸಿ ಕಳಿಸಿದರೆ ನೆಟ್ಟಗೆ ಹೋಗುತ್ತದೆ ಎಂದಳು ಪವಿತ್ರ. ಪ್ಲಾಸ್ಟಿಕ್ ಟೇಪು ಹಾಕಿದರೆ ಪ್ರಿಂಟರಿನೊಳಗಿನ ಕಾವಿಗೆ ಕರಗುತ್ತದೆಂದು, ಕಾಗದದ ಟೇಪು ತರಲು ಪಕ್ಕದ ಜೀನತ್ ಮನೆಗೆ ಓಡಿದಳು.

ನಿಂಗಕ್ಕ ಕಾರ್ಡನ್ನು ತಿರುಗಿಸಿ ನೋಡಿದಳು. ಮೂಲೆಗಳಲ್ಲಿ ಅರಿಶಿನವಿಲ್ಲ. ಹಂಚಿದ್ದಕ್ಕೆಲ್ಲ ತಾನೇ ಹಚ್ಚಿದ್ದಳು; ಇವೆರಡು ಬೋಳಾಗಿಯೇ ಉಳಿದಿದ್ದವು. ಮೊದಲಿನದು ಅಡ್ಡ ಹೋಗದೆ ಇನ್ನೇನಾದೀತು? ದೇವರ ಮುಂದಿನ ಬಟ್ಟಲಿಂದ ಕಲಸಿದ ಅರಿಶಿನ ತಂದು ನಾಲ್ಕು ಮೂಲೆಗೂ ದಪ್ಪಗೆ ಹಚ್ಚಿ, ಕಣ್ಣಿಗೊತ್ತಿಕೊಂಡು, ಬೋರಲು ಹಾಕಿ ಇಟ್ಟಳು. ಯಾರಿಗೂ ಹೇಳಲಿಲ್ಲ.

ಪವಿತ್ರ ಬಂದು, ಅವಸರದಲ್ಲಿ ಮೂಲೆಗಳತ್ತ ನೋಡದೆ ಅಂಚಿಗೆ ಟೇಪು ಹಾಕಿ ಹಾಳೆಗೆ ಅಂಟಿಸಿ ಒಳಗೆ ಬಿಟ್ಟಳು. ಹಾಳೆ ಹೋಯಿತು, ಪ್ರಿಂಟರ್ ನರಳಿತು, ನಿಂತುಬಿಟ್ಟಿತು. ಕೆಂಪು ದೀಪ ಹತ್ತಿತು. ಎಳೀಬೇಡ್ರಿ, ಮುಚ್ಚಳ ತೆಗೀತೀನಿ ಎಂದಳು. ಮುಚ್ಚಳ ತೆಗೆಯುವಷ್ಟರಲ್ಲಿ ದೊಡ್ಡಪಾಲಯ್ಯ ಕೈ ತೂರಿಸಿ ಹಾಳೆಯನ್ನು ಎಳೆದೇಬಿಟ್ಟ.

ಹೆಸರು ನೆಟ್ಟಗೆ, ಕಪ್ಪಗೆ ಬಿದ್ದಿತ್ತು. ಅವನು ಖುಷಿಯಿಂದ ಹೆಬ್ಬೆರಳಾಡಿಸಿದ. ಕಾವು ತಾಗಿ ಕಾಗದಕ್ಕೆ ಅಂಟುವ ಮೊದಲೇ ಎಳೆದಿದ್ದರಿಂದ ಮಸಿಪುಡಿ ಬೆರಳಿಗೆ ಬಂತು. ಕಾರ್ಡಿನಲ್ಲಿ ಉಳಿದದ್ದು "ದೊಡ್ಡಪಾ", ಮುಂದೆ ಒಂದು ಕರಿ ಗೀಟು.

ಪವಿತ್ರ ಪ್ರಿಂಟರಿನ ರೋಲಿಗೆ ಮೆತ್ತಿದ್ದ ಹಳದಿಯನ್ನು ನೋಡಿ ಅವ್ವನ ಮುಖ ನೋಡಿದಳು.

"ಹಸಿ ಅರಿಶಿನ ನಾನು ಹಚ್ಚಿದ್ದು, ಅದಕ್ಕೇ ಅಂಟೈತೆ" ಎಂದಳು ನಿಂಗಕ್ಕ. ಆಮೇಲೆ ಗಂಡನ ಕಡೆ ತಿರುಗಿದಳು. "ಹೆಸರು ಬಿಡಿಸ್ದೋನು ನೀನು." ಅಣ್ಣನ ಕಡೆ ತಿರುಗಿದಳು. "ಬಿದ್ದಿದ್ದ ಹೆಸರು ಒರೆಸ್ದೋನು ನೀನು. ಇನ್ನು ಕಾರ್ಡಿಲ್ಲ. ಬರಾದಾದ್ರೆ ಬಾ, ಇಲ್ಲಾಂದ್ರೆ ನನ್ನ ಮಗಳ ಕೈ ಹಿಡ್ಕೊಂಡು ನಾನೇ ಬರ್ತೀನಿ."

ದೊಡ್ಡಪಾಲಯ್ಯ ಹೆಬ್ಬೆರಳನ್ನೇ ನೋಡುತ್ತ ನಿಂತ. ಕಾರ್ಡನ್ನು ಹಾಳೆಯಿಂದ ಬಿಡಿಸಿ ಗಂಗರಾಜುವಿನತ್ತ ಚಾಚಿದ. "ನೀನು ಕೊಡು. ಕೈಯಾರೆ ಕೊಡು."

ಗಂಗರಾಜು ಹಲ್ಲು ಕಚ್ಚಿಕೊಂಡ. ನಿಂಗಕ್ಕ ಎಲೆ ಅಡಿಕೆಯ ತಟ್ಟೆಯನ್ನು ಅವನ ಎದೆಗೆ ತಾಗುವಂತೆ ಹಿಡಿದಳು. ಅವನು ಕಾರ್ಡು ಈಸಿಕೊಂಡು, ಎಲೆ ಅಡಿಕೆಯ ಮೇಲಿಟ್ಟು ಎರಡೂ ಕೈಯಿಂದ ಕೊಟ್ಟ.

ಅಳಿಸದೆ ಉಳಿದ ಅರ್ಧ ಹೆಸರಿಗೆ ಬೆರಳು ತಾಗದಂತೆ ದೊಡ್ಡಪಾಲಯ್ಯ ಕಾರ್ಡನ್ನು ಅರಿಶಿನದ ಮೂಲೆಯಲ್ಲಿ ಹಿಡಿದುಕೊಂಡ. ಇನ್ನೊಂದು ಕೈಯಿಂದ ನೀರಿನ ಲೋಟ ಎತ್ತಿಕೊಂಡ.